‘ವಿಜಯ’ವೆಂಬ ಹೆಸರು

ದೂರದೇಶದ ಪ್ರಾರ್ಥನಾಮಂದಿರವೊಂದರ ಇತಿಹಾಸವನ್ನು ಓದುತ್ತಿದ್ದಾಗ ನನ್ನಲ್ಲಿ ಮೊದಲು ಹುಟ್ಟಿದ್ದು ಕೋಪ. ಅನಂತರ ಬಂದದ್ದು ನಾಚಿಕೆ. ಅದರ ಕಾರಣವನ್ನು ಓದುಗರೊಡನೆ ಹಂಚಿಕೊಳ್ಳಬೇಕೆನಿಸಿತು.

ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನ ವಾಯವ್ಯಕ್ಕೆ, ಸುಮಾರು 50 ಕಿಲೋಮೀಟರ್ ದೂರದ ಕಡಲತಡಿಯಲ್ಲಿ ಜೆಲೆನೊಗೋರ್ಸ್ಕ್ ಎಂಬ ಊರಿದೆ. ಫಿನ್ಲೆಂಡಿಗೆ ಸೇರಿದ್ದಾಗ ಅದರ ಹೆಸರು ತೆರಿಯೊಕಿ. ವಾಸ್ತುಶಿಲ್ಪಿ ಯೋಸೆಫ್ ಸ್ಟೆನ್‌ಬೆಕ್ ವಿನ್ಯಾಸಗೊಳಿಸಿದ ಅಲ್ಲಿಯ ಲೂಥರನ್ ಚರ್ಚು 1908ರಲ್ಲಿ ಪೂರ್ಣಗೊಂಡಿತು.

1939ರ ನವೆಂಬರ್ 30ರಂದು ಸೋವಿಯತ್ ಸೇನೆ ಗಡಿ ದಾಟಿತು. 1940ರಲ್ಲಿ ಆ ಸೀಮೆ ಫಿನ್ಲೆಂಡಿನ ಕೈತಪ್ಪಿತು. 1941ರಲ್ಲಿ ಮರಳಿ ದೊರೆತು, 1944ರಲ್ಲಿ ಮತ್ತೆ ಹೋಯಿತು. ಕಳೆದುಕೊಂಡ ಪ್ರದೇಶಗಳಿಂದ ನಾಲ್ಕು ಲಕ್ಷಕ್ಕೂ ಮಿಕ್ಕ ಜನರು ಮನೆ, ಹೊಲ, ಹಿರಿಯರ ಸಮಾಧಿಗಳನ್ನು ಬಿಟ್ಟು ಹೊರಟರು.

ಯುದ್ಧಾನಂತರ ಚರ್ಚಿನ ಗಂಟೆಗೋಪುರವನ್ನು ಕೆಡವಿ, ಕಟ್ಟಡವನ್ನು ಚಿತ್ರಮಂದಿರವಾಗಿ ಮಾರ್ಪಡಿಸಿದರು. ಅದಕ್ಕಿಟ್ಟ ಹೆಸರು ‘ಪೊಬೆದಾ’, ಅಂದರೆ ‘ವಿಜಯ’. ನನಗೆ ಕೋಪ ಬಂದದ್ದು ಇಲ್ಲಿಯೇ. ಪ್ರಾರ್ಥನೆ ನಡೆದ ಸ್ಥಳದಲ್ಲಿ ಟಿಕೆಟ್ಟು ಮಾರುವುದು ಯಾವ ವಿಜಯ?

ಆದರೆ ಆ ಆಸನಗಳಲ್ಲಿ ಕುಳಿತವರು ಯಾರೆಂದು ಯೋಚಿಸಿದೆ. ಸಮೀಪದ ಲೆನಿನ್‌ಗ್ರಾಡ್ 1941ರಿಂದ 1944ರವರೆಗೆ ಮುತ್ತಿಗೆಗೆ ಸಿಕ್ಕಿ, ಅಲ್ಲಿ ಲಕ್ಷಾಂತರ ಮಂದಿ ಹಸಿವಿನಿಂದ ಸತ್ತಿದ್ದರು. ದಕ್ಷಿಣದಿಂದ ಜರ್ಮನ್ ಸೇನೆ ನಗರವನ್ನು ಮುತ್ತಿದ್ದಾಗ, ಉತ್ತರದಲ್ಲಿ ನಿಂತಿದ್ದುದು ಫಿನ್ನಿಷ್ ಸೇನೆ. ಆ ಯುದ್ಧದಲ್ಲಿ ತಂದೆಯನ್ನೋ ಮಗುವನ್ನೋ ಕಳೆದುಕೊಂಡವರು ಸಂಜೆ ಎರಡು ಗಂಟೆ ದುಃಖ ಮರೆಯಲು ಅಲ್ಲಿಗೆ ಬಂದಿರಬಹುದು. ಅವರನ್ನು ಅಪರಾಧಿಗಳೆನ್ನಲು ನನಗೆ ಬಾಯಿ ಬರಲಿಲ್ಲ. ಆಜ್ಞೆ ಕೊಟ್ಟವರ ತಪ್ಪು ತಪ್ಪೇ. ಅದನ್ನು ಒಳಗೆ ಕುಳಿತವರೆಲ್ಲರ ಮೇಲೆ ಹೊರಿಸುವುದು ಮಾತ್ರ ಇನ್ನೊಂದು ತಪ್ಪು.

1990ರಲ್ಲಿ ಚರ್ಚು ಲೂಥರನ್ ಸಮುದಾಯಕ್ಕೆ ಮರಳಿತು. ಈ ಶತಮಾನದ ಆರಂಭದಲ್ಲಿ ಗೋಪುರವೂ ಮತ್ತೆ ಎದ್ದಿತು. ಊರು ರಷ್ಯದಲ್ಲಿಯೇ ಉಳಿಯಿತು, ಗಡಿ ಕದಲಲಿಲ್ಲ. ಮರಳಿ ಪಡೆಯಲು ಯಾರನ್ನೂ ಊರು ಬಿಡಿಸಲಿಲ್ಲ, ಒಂದು ಗುಂಡೂ ಹಾರಲಿಲ್ಲ. ‘ವಿಜಯ’ವೆಂಬ ಹೆಸರು ಒಪ್ಪುವುದಾದರೆ ಇದಕ್ಕೆ ಒಪ್ಪೀತು.

ದೇವಾಲಯಗಳನ್ನು ಕಾಯುವ ಹೊಣೆ ಹೊತ್ತ ನಮಗೆಲ್ಲ ಈ ಕಥೆಯಲ್ಲಿ ಒಂದು ಪಾಠವಿದೆ. ಕಳೆದುದನ್ನು ಕೇಳುವ ಹಕ್ಕು ನಮಗಿದೆ. ಆದರೆ ಕೇಳುವ ಮುನ್ನ, ಈಗ ಅಲ್ಲಿ ಕುಳಿತಿರುವವರ ಮುಖವನ್ನು ಒಮ್ಮೆ ನೋಡಬೇಕು.