ಯಾವ ಕಾಲೇಜು?

ಬಸ್ಸಿನಲ್ಲಿ ಪಕ್ಕ ಕೂತವರು "ಯಾವ ಕಾಲೇಜಮ್ಮ?" ಎಂದು ಕೇಳಿದರೆ ನಾನು ಪೂರ್ತಿ ಹೆಸರು ಹೇಳುತ್ತೇನೆ. ಆ ಹೆಸರು ನಿಮಗೆಲ್ಲ ಗೊತ್ತೇ ಇದೆ: ಮೊದಲಿಗೆ ಒಂದು ಅರಬ್ಬಿ ಪದ, ನಡುವೆ ಪದವಿಪೂರ್ವ ಕಾಲೇಜು, ಕೊನೆಗೆ ಕೊಳ್ಳೇಗಾಲ. ಹನೂರಿನಿಂದ ಬರುವ ಬಸ್ಸಿನಲ್ಲಿ ಇದನ್ನು ಹೇಳಿದರೆ ಏನೂ ಆಗುವುದಿಲ್ಲ. "ಓ ಅಲ್ಲಾ, ನಮ್ಮ ಪಕ್ಕದ್ಮನೆ ಹುಡ್ಗನೂ ಅಲ್ಲೇ ಓದಿದ್ದು" ಎನ್ನುತ್ತಾರೆ, ಮಾತು ಮುಗಿಯುತ್ತದೆ. ಮೈಸೂರು ಬಸ್ಸು ಹತ್ತಿದರೆ ಅದೇ ಹೆಸರು ಬೇರೆ ಥರ ಕೇಳಿಸುತ್ತದೆ.

ಹೋದ ವರ್ಷ ಮೈಸೂರಿನ ಒಂದು ಚರ್ಚಾಸ್ಪರ್ಧೆಗೆ ನಾನು ಮತ್ತು ಯಳಂದೂರಿನ ನನ್ನ ಗೆಳತಿ ಹೋಗಿದ್ದೆವು. ಹೆಸರು ಬರೆಸುವ ಮೇಜಿನ ಹತ್ತಿರ ಕೂತಿದ್ದ ಹುಡುಗ "ಕೊಳ್ಳೇಗಾಲನಾ? ಮಾಟ ಮಂತ್ರ ಬರುತ್ತಾ?" ಎಂದು ನಕ್ಕ. ನನ್ನ ಗೆಳತಿ ತಡಮಾಡಲಿಲ್ಲ. "ಬರುತ್ತೆ. ಬೆಳಿಗ್ಗೇನೇ ಒಂದು ನಿಂಬೆಹಣ್ಣು ಕುಯ್ದು ಬಂದಿದೀವಿ, ಪ್ರೈಜ್ ನಮಗೇ" ಎಂದಳು. ಕೊಳ್ಳೇಗಾಲದವರಿಗೆ ಇದು ಹಳೆಯ ಕಥೆ. ನಮ್ಮೂರಿನಲ್ಲಿ ರೇಷ್ಮೆ ನೇಯುತ್ತಾರೆ ಎಂಬುದು ಸೀರೆ ಅಂಗಡಿಯವರಿಗೆ ಮಾತ್ರ ನೆನಪಿರುತ್ತದೆ, ಉಳಿದವರಿಗೆಲ್ಲ ನಾವು ಮಾಟಗಾರರು. ಆ ಮಾತಿಗೆ ನಗಬಹುದು, ನಾನೂ ನಕ್ಕೆ.

ನಗು ಬಾರದ ಮಾತು ಬಂದದ್ದು ಆಮೇಲೆ. ನಾನು ಐದು ನಿಮಿಷ ಕನ್ನಡದಲ್ಲಿ ಮಾತಾಡಿ ಕೆಳಗಿಳಿದೆ. ತೀರ್ಪುಗಾರರಲ್ಲಿ ಒಬ್ಬರು ನನ್ನನ್ನು ಹತ್ತಿರ ಕರೆದು, ತುಂಬ ಪ್ರೀತಿಯಿಂದಲೇ, "ನಿಮ್ಮ ಕಾಲೇಜಿನಲ್ಲಿ ಕನ್ನಡ ಕಲಿಸ್ತಾರಾಮ್ಮಾ?" ಎಂದು ಕೇಳಿದರು. ಅವರು ನನ್ನ ಮಾತನ್ನು ಕೇಳಿದ್ದರು, ತಲೆಯಾಡಿಸಿದ್ದರು. ಆದರೂ ಕೈಯಲ್ಲಿದ್ದ ಪಟ್ಟಿಯಲ್ಲಿನ ಹೆಸರು ನನ್ನ ಐದು ನಿಮಿಷಕ್ಕಿಂತ ಗಟ್ಟಿಯಾಗಿ ಕೇಳಿಸಿತ್ತು. "ಕಲಿಸ್ತಾರೆ ಮೇಡಂ" ಎಂದೆ. ನಮಗೆ ಎರಡನೇ ಬಹುಮಾನ ಬಂತು. ನಿಂಬೆಹಣ್ಣು ಸ್ವಲ್ಪ ಚಿಕ್ಕದಾಯಿತು ಎಂದಳು ಗೆಳತಿ.

ವಾಪಸ್ ಬರುವಾಗ ಬಸ್ಸಿನಲ್ಲಿ ನಾವಿಬ್ಬರೂ ಇದನ್ನೇ ಮಾತಾಡಿದೆವು. ಕೊಳ್ಳೇಗಾಲದ ಸರ್ಕಾರಿ ಪದವಿ ಕಾಲೇಜಿನ ಹೆಸರು ಶ್ರೀ ಮಹದೇಶ್ವರ. ಅಲ್ಲಿ ಓದುವವರನ್ನು "ನಿಮಗೆ ಅಕೌಂಟೆನ್ಸಿ ಕಲಿಸ್ತಾರಾ, ಇಲ್ಲಾ ಮಾದಪ್ಪನ ಪದ ಮಾತ್ರನಾ?" ಎಂದು ಯಾರೂ ಕೇಳುವುದಿಲ್ಲ. ಜೆಎಸ್‌ಎಸ್ ಎಂದರೆ ಜಗದ್ಗುರು ಶ್ರೀ ಶಿವರಾತ್ರೀಶ್ವರ. ಆ ಮೂರು ಅಕ್ಷರ ಕೇಳಿದವರಿಗೆ ಮಠಕ್ಕಿಂತ ಮೊದಲು ಹಾಸ್ಟೆಲು, ಆಸ್ಪತ್ರೆ, ಇಂಜಿನಿಯರಿಂಗ್ ಸೀಟು ಕಣ್ಣಿಗೆ ಬರುತ್ತದೆ. ಮೈಸೂರಿನ ಸೇಂಟ್ ಫಿಲೋಮಿನಾ ಕಾಲೇಜು 1946ರಿಂದ ಇದೆ. ಆ ಹೆಸರು ಕೇಳಿದೊಡನೆ ನಮ್ಮ ಕಡೆಯವರು "ಇಂಗ್ಲಿಷ್ ಚೆನ್ನಾಗಿರುತ್ತೆ" ಎನ್ನುತ್ತಾರೆ. ನಮ್ಮ ಕಾಲೇಜಿನ ಹೆಸರು ಕೇಳಿದರೆ ಮಾತ್ರ ಮದರಸಾ. ಪಠ್ಯಪುಸ್ತಕ ಒಂದೇ, ಪ್ರಶ್ನೆಪತ್ರಿಕೆ ಒಂದೇ, ಮೌಲ್ಯಮಾಪನ ಮಾಡುವವರಿಗೆ ಉತ್ತರಪತ್ರಿಕೆ ಯಾವ ಕಾಲೇಜಿನದು ಎಂಬುದೂ ತಿಳಿಯುವುದಿಲ್ಲ. ವರ್ಷದಲ್ಲಿ ಅದೊಂದು ಸಲ ನಾವು ಹೆಸರಿಲ್ಲದೆ ಬರೆಯುತ್ತೇವೆ.

ಮದರಸಾ ಎಂಬ ಪದಕ್ಕೂ ಬೇಸರ ಪಡಬೇಕಾಗಿಲ್ಲ. ಅದರ ಅರ್ಥ ಪಾಠ ನಡೆಯುವ ಜಾಗ, ಅಷ್ಟೇ. ಸರ್ ಸೈಯದ್ ಅಹ್ಮದ್ ಖಾನ್ 1875ರಲ್ಲಿ ಅಲಿಗಢದಲ್ಲಿ ತೆರೆದ ಶಾಲೆಯ ಹೆಸರು ಮದರಸತುಲ್ ಉಲೂಮ್ ಎಂದೇ ಇತ್ತು. ಅದು ಬೆಳೆದು 1920ರಲ್ಲಿ ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯವಾಯಿತು. ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯ 1918ರಲ್ಲಿ ಶುರುವಾಗಿ ವಿಜ್ಞಾನವನ್ನೂ ಉರ್ದುವಿನಲ್ಲಿ ಕಲಿಸಿತು. ನಮ್ಮ ತರಗತಿಯಲ್ಲಿ ಈಗ ಉಸ್ಮಾನಿಯಾ ಎಂದರೆ ಬಿಸ್ಕತ್ತು.

ಹೆಸರನ್ನು ತಪ್ಪಾಗಿ ಕೇಳಿಸಿಕೊಳ್ಳುವವರು ಹೊರಗಿನವರು ಮಾತ್ರ ಎಂದುಕೊಳ್ಳಬೇಡಿ. ದೆಹಲಿಯ ಜಾಮಿಯಾ ಮಿಲಿಯಾ ಇಸ್ಲಾಮಿಯಾದಲ್ಲಿ ಓದಬೇಕೆಂದು ಒಮ್ಮೆ ಮನೆಯಲ್ಲಿ ಬಾಯಿಬಿಟ್ಟೆ. ನಮ್ಮ ದಾದಿಮಾಗೆ ಜಾಮಿಯಾ ಎಂದರೆ ಶುಕ್ರವಾರದ ನಮಾಜಿನ ದೊಡ್ಡ ಮಸೀದಿ. "ಹೆಣ್ಣುಮಗು ಅಷ್ಟು ದೂರ ಹೋಗಿ ಆಲಿಮಾ ಆಗಬೇಕಾ? ಇಲ್ಲೇ ಕಲಿಯಬಹುದಲ್ಲ" ಎಂದರು. ಜಾಮಿಯಾ ಎಂದರೆ ಅರಬ್ಬಿಯಲ್ಲಿ ಯೂನಿವರ್ಸಿಟಿ, ರಾಷ್ಟ್ರಪತಿಯಾಗಿದ್ದ ಜಾಕಿರ್ ಹುಸೇನರು ಅಲ್ಲಿ ಕುಲಪತಿಯಾಗಿದ್ದವರು, ಅಲ್ಲಿ ಇಂಜಿನಿಯರಿಂಗ್ ಕೂಡ ಇದೆ ಎಂದೆಲ್ಲ ಹೇಳಿದೆ. ದಾದಿಮಾ ಎಲ್ಲವನ್ನೂ ಕೇಳಿ "ಹಾಗಾದರೆ ಅದಕ್ಕೆ ಜಾಮಿಯಾ ಅಂತ ಯಾಕೆ ಹೆಸರಿಟ್ಟರು?" ಎಂದರು.

ನಮ್ಮ ಮನೆಯಲ್ಲಿ ನಿಜವಾದ ಜಗಳ ಇನ್ನೊಂದು ಹೆಸರಿನದು. ನನ್ನ ಆಪಾ ಮತ್ತು ಅಣ್ಣ ಇಬ್ಬರೂ ಮಹದೇಶ್ವರ ಕಾಲೇಜಿನಲ್ಲೇ ಬಿಕಾಂ ಓದಿದವರು. ಆಪಾಳ ಅಂಕಪಟ್ಟಿಯ ಮೇಲೆ ಮೈಸೂರು ವಿಶ್ವವಿದ್ಯಾನಿಲಯ ಎಂದಿದೆ. 2023ರಲ್ಲಿ ಚಾಮರಾಜನಗರ ವಿಶ್ವವಿದ್ಯಾಲಯ ಶುರುವಾಯಿತು, ಅಣ್ಣನ ಅಂಕಪಟ್ಟಿಗೆ ಆ ಹೆಸರು ಬಂತು. ಅದೇ ಕಟ್ಟಡ, ಬಹುಪಾಲು ಅದೇ ಉಪನ್ಯಾಸಕರು. ಆಪಾಗೆ ಸಂಬಂಧ ಕೇಳಿಕೊಂಡು ಬಂದವರಿಗೆ ಅಬ್ಬಾ "ಮೈಸೂರು ಯೂನಿವರ್ಸಿಟಿ" ಎಂದು ಒತ್ತಿ ಹೇಳಿದರು. ಅಣ್ಣನ ವಿಷಯ ಬಂದರೆ "ಬಿಕಾಂ ಆಗಿದೆ" ಎಂದಷ್ಟೇ ಹೇಳುತ್ತಾರೆ. ನನ್ನ ಲೆಕ್ಕದಲ್ಲಿ ಅಕೌಂಟ್ಸ್ ಅಣ್ಣನಿಗೇ ಚೆನ್ನಾಗಿ ಬರುತ್ತದೆ. (ಆಪಾ ಇದನ್ನು ಓದುವುದಿಲ್ಲ ಎಂಬ ಧೈರ್ಯ.)

2025ರ ಫೆಬ್ರುವರಿಯಲ್ಲಿ ಸಚಿವ ಸಂಪುಟದ ಉಪಸಮಿತಿಯೊಂದು ಹೊಸ ವಿಶ್ವವಿದ್ಯಾಲಯಗಳಲ್ಲಿ ಒಂಬತ್ತನ್ನು ಮುಂದುವರಿಸುವುದು ಬೇಡ ಎಂದು ಹೇಳಿತು. ಅದರಲ್ಲಿ ನಮ್ಮದೂ ಇತ್ತು. ಟಿವಿ ನೋಡುತ್ತಿದ್ದ ಅಬ್ಬಾ "ಒಳ್ಳೇದೇ ಆಯ್ತು, ಮೈಸೂರು ಹೆಸರೇ ಇರಲಿ" ಎಂದರು. ಅಣ್ಣ ತಟ್ಟೆ ಬಿಟ್ಟು ಎದ್ದ. ಅವನ ಅಂಕಪಟ್ಟಿಯ ಹೆಸರು ಮುಂದೆ ಯಾರಿಗೂ ಗೊತ್ತಿಲ್ಲದ ಹೆಸರಾಗಿಬಿಟ್ಟರೆ ಎಂಬುದು ಅವನ ಚಿಂತೆ. ಅವತ್ತು ರಾತ್ರಿ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ.

ಮೈಸೂರು ಎಂಬ ಹೆಸರಿನ ತೂಕವನ್ನು ನಾನು ಅಲ್ಲಗಳೆಯುವುದಿಲ್ಲ. 1916ರ ವಿಶ್ವವಿದ್ಯಾನಿಲಯ ಅದು. ಅದರ ಸ್ನಾತಕೋತ್ತರ ಆವರಣಕ್ಕೆ ಮಾನಸಗಂಗೋತ್ರಿ ಎಂದು ಹೆಸರಿಟ್ಟವರು ಕುವೆಂಪು. ಎಷ್ಟು ಚೆಂದ ಕೇಳಿಸುತ್ತದೆ ಎಂದರೆ ಆಮೇಲೆ ಎಲ್ಲರೂ ಗಂಗೋತ್ರಿಯನ್ನೇ ಹಿಡಿದರು: ಮಂಗಳೂರಿಗೆ ಮಂಗಳಗಂಗೋತ್ರಿ, ಹಾಸನಕ್ಕೆ ಹೇಮಗಂಗೋತ್ರಿ, ಚಾಮರಾಜನಗರಕ್ಕೆ ಸುವರ್ಣಗಂಗೋತ್ರಿ. ಕೊಡಗಿನ ಕೇಂದ್ರಕ್ಕೆ ಮಾತ್ರ ಜ್ಞಾನಕಾವೇರಿ ಎಂದಿಟ್ಟರು, ನನಗೆ ಅದೇ ಇಷ್ಟ. ನಾವು ಕುಡಿಯುವುದೂ ಕಾವೇರಿಯನ್ನೇ.

ಆದರೆ ಅಬ್ಬಾ "ನಮ್ಮ ಮೈಸೂರು" ಎಂದಾಗ ನನಗೆ ಇತಿಹಾಸದ ಪಾಠ ನೆನಪಾಗುತ್ತದೆ. ಆ ವಿಶ್ವವಿದ್ಯಾನಿಲಯ ಹುಟ್ಟಿದಾಗ ಕೊಳ್ಳೇಗಾಲ ಮೈಸೂರಿಗೆ ಸೇರಿರಲಿಲ್ಲ. 1956ರವರೆಗೂ ನಾವು ಮದ್ರಾಸಿನವರು, ಕೊಯಮತ್ತೂರು ಜಿಲ್ಲೆ. ದಿವಾನ್ ಪೂರ್ಣಯ್ಯನವರ ಜಾಗೀರಾಗಿದ್ದ ಯಳಂದೂರು ಮೈಸೂರಿನಲ್ಲಿತ್ತು. ಇದನ್ನು ಹೇಳಿದ ದಿನದಿಂದ ನನ್ನ ಗೆಳತಿಗೆ ಕೊಂಬು ಬಂದಿದೆ, "ನಾವು ಮೊದಲಿಂದ ಮೈಸೂರು" ಎನ್ನುತ್ತಾಳೆ. ಚಾಮರಾಜನಗರವೂ ಬೇರೆಯವರ ಹೆಸರೇನಲ್ಲ. ಹಳೆಯ ಅರಿಕುಠಾರಕ್ಕೆ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆಯ ಹೆಸರಿಟ್ಟರು. ಆ ಊರಿಗೆ ಹೋದ ಮುಖ್ಯಮಂತ್ರಿಯ ಕುರ್ಚಿ ಹೋಗುತ್ತದೆ ಎಂದು ವರ್ಷಗಟ್ಟಲೆ ಹೆದರಿಸಿದರು. ಸಿದ್ದರಾಮಯ್ಯನವರು ಮತ್ತೆ ಮತ್ತೆ ಹೋಗಿ ಬಂದು ಐದು ವರ್ಷ ಪೂರೈಸಿದರು. ಹೆದರಿಸಿದವರು ಈಗ ಆ ಮಾತೆತ್ತುವುದಿಲ್ಲ.

ಪರೀಕ್ಷೆ ಮುಗಿದ ಮೇಲೆ ನಾನೂ ಅರ್ಜಿ ತುಂಬಬೇಕು. ಮೈಸೂರಿನ ಹಾಸ್ಟೆಲ್ ಖರ್ಚು ನಮ್ಮ ಮನೆಗೆ ಭಾರ ಎಂದು ಗೊತ್ತಿದ್ದೂ ಅಬ್ಬಾ ಮೈಸೂರಿನ ಹೆಸರಿಗಾಗಿ ಸಾಲ ಮಾಡಲು ತಯಾರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಅವರನ್ನು ಒಪ್ಪಿಸಲು ಬೇರೆ ವಿವರಗಳು ಬೇಕು. ಈ ಕಾಲೇಜಿನಿಂದ ಹೋಗಿ ಈಗ ಮಹದೇಶ್ವರ ಕಾಲೇಜಿನಲ್ಲಿ ಓದುತ್ತಿರುವ ಅಕ್ಕಂದಿರು ಯಾರಾದರೂ ಇದನ್ನು ಓದಿದರೆ, ಕಾಸ್ಟಿಂಗ್ ಪಾಠ ಹೇಗೆ ನಡೆಯುತ್ತದೆ, ಲೈಬ್ರರಿ ಎಷ್ಟು ಗಂಟೆವರೆಗೆ ತೆರೆದಿರುತ್ತದೆ, ಸಂಜೆ ಕ್ಲಾಸ್ ಮುಗಿಸಿ ಹೊರಟರೆ ಹನೂರಿನ ಬಸ್ಸು ಸಿಗುತ್ತದೆಯೇ, ದಯವಿಟ್ಟು ತಿಳಿಸಿ. ದ್ವಿತೀಯ ಪಿಯುಸಿ ಕಾಮರ್ಸ್, ಕಿಟಕಿ ಪಕ್ಕದ ಎರಡನೇ ಬೆಂಚಿನಲ್ಲಿ ಕೂರುತ್ತೇನೆ.