ಹಿತ್ತಲಿನ ಮನೆ ಯಾರಿಗೆ?

ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದಾಗ ನಾನು ಬೆಂಗಳೂರಿನಲ್ಲಿ ಆಫೀಸಿನ ಮೀಟಿಂಗ್‌ನಲ್ಲಿದ್ದೆ. ತುಮಕೂರಿನ ಮನೆಯಲ್ಲಿ ಅವಳು ಒಬ್ಬಳೇ. ಅಪ್ಪ ಹೋಗಿ ಆಗ ಒಂದು ವರ್ಷ. ಪಕ್ಕದ ಮನೆಯವರು ಕರಿಬೇವು ಕೀಳೋಕೆ ಅಂತ ಹಿತ್ತಲಿಗೆ ಬರೋವರೆಗೂ, ಮುಕ್ಕಾಲು ಗಂಟೆ, ನೆಲದ ಮೇಲೇ ಕೂತಿದ್ದಳಂತೆ. ಪುಣ್ಯಕ್ಕೆ ಮೂಳೆ ಮುರಿದಿರಲಿಲ್ಲ. ಅವಳು ನನಗೆ ಫೋನ್ ಮಾಡಿದ್ದು ಸಂಜೆ. “ಮಧ್ಯಾಹ್ನ ನಿಂಗೆ ಕೆಲಸ ಇರುತ್ತಲ್ಲ” ಅಂದಳು.

ನಮ್ಮ ಜೊತೆ ಬಂದಿರು ಅಂದರೆ ಒಪ್ಪಲಿಲ್ಲ. ಮಗಳ ಮನೆಯಲ್ಲಿ ಎಷ್ಟು ದಿನ ಇರೋಕಾಗುತ್ತೆ, ಅದೂ ಏಳನೇ ಫ್ಲೋರಲ್ಲಿ? ನಮ್ಮಿಬ್ಬರಿಗೂ ವಾರದಲ್ಲಿ ಮೂರು ದಿನ ಮನೆಯಿಂದಲೇ ಕೆಲಸ. ತುಮಕೂರು ಸುಮಾರು 70 ಕಿಲೋಮೀಟರ್, ರೈಲಿದೆ. ನಾವೇ ಅಲ್ಲಿಗೆ ಹೋದರೆ ಹೇಗೆ ಅಂತ ಯೋಚನೆ ಶುರುವಾಯಿತು. ಅಪ್ಪನ ಸೈಟು 40×60. ಮುಂದೆ ಹಳೇ ಮನೆ, ಹಿಂದೆ ದೊಡ್ಡ ಹಿತ್ತಲು.

ನಾನು ಎಕ್ಸೆಲ್ ಶೀಟ್ ತೆರೆದೆ. ಹಿತ್ತಲಲ್ಲಿ ಒಂದು ಪುಟ್ಟ ಔಟ್‌ಹೌಸ್. ಮೆಟ್ಟಿಲಿಲ್ಲ, ಜಾರದ ಟೈಲ್ಸು, ಬಚ್ಚಲಲ್ಲಿ ಹಿಡಿಕೆ. ಅಮ್ಮ ಅಲ್ಲಿ, ನಾವು ಮುಂದಿನ ಮನೆಯಲ್ಲಿ. ಲಾಜಿಕ್ ಪಕ್ಕಾ ಇತ್ತು.

ಅಮ್ಮ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಒಂದೇ ಮಾತು: “ಅಂದ್ರೆ ನನ್ನ ಹಿತ್ತಲಿಗೆ ಕಳಿಸ್ತೀಯಾ?”

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. 30 ವರ್ಷ ಅವಳು ನಿಂತು ಅಡುಗೆ ಮಾಡಿದ ಕಟ್ಟೆ, ಅಪ್ಪ ಕೂರುತ್ತಿದ್ದ ಜಗಲಿ. ಅದನ್ನೆಲ್ಲ ನಾನು ಶೀಟಿನಲ್ಲಿ ಒಂದು ಸೆಲ್ಲಿನಿಂದ ಇನ್ನೊಂದಕ್ಕೆ ಎಳೆದುಬಿಟ್ಟಿದ್ದೆ. ಬೆಳಿಗ್ಗೆ ನನ್ನ ಗಂಡನೇ ಹೇಳಿದ, “ಅತ್ತೆ ಅಲ್ಲೇ ಇರ್ಲಿ. ಚಿಕ್ಕ ಮನೆಗೆ ನಾವು ಹೋಗೋಣ. ಹಳೇ ಬಚ್ಚಲಿಗೆ ಹಿಡಿಕೆ ಹಾಕ್ಸೋಕೆ ಎಷ್ಟು ಹೊತ್ತು?” ನಿಜ. ಹಿಡಿಕೆ, ಹೊಸ ಟೈಲ್ಸು, ಎರಡೇ ದಿನದ ಕೆಲಸ.

ಇನ್ನು ಎಂಥ ಮನೆ? ನಮ್ಮ ಮುಂದೆ ಮೂರು ದಾರಿ ಇದ್ದವು.

ಮೊದಲನೆಯದು ತಾರಸಿ ಮೇಲೆ ಒಂದು ಪೋರ್ಷನ್. ಹೊಸ ಪಾಯ ಬೇಡ, ಹಿತ್ತಲೂ ಉಳಿಯುತ್ತೆ. ಆದರೆ ನಮ್ಮದು ಪಿಲ್ಲರ್ ಇಲ್ಲದ, ಗೋಡೆ ಮೇಲೇ ಭಾರ ಹೊತ್ತ ಮನೆ. ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡಿ ತಲೆಯಾಡಿಸಿದರು. ಅವರು ಒಪ್ಪಿದ್ದರೂ, ಮಂಡಿ ನೋವಿರುವ ಅಮ್ಮ ನಮ್ಮ ಮನೆಗೆ ಬರೋದು ಹಬ್ಬಕ್ಕೊಮ್ಮೆ ಆಗಿಬಿಡುತ್ತಿತ್ತು.

ಎರಡನೆಯದು ಕಂಟೇನರ್ ಮನೆ. ಫೋಟೋ ನೋಡಿ ಮನಸೋತಿದ್ದೆ. 20 ಅಡಿ ಕಂಟೇನರ್ ಹೊರಗಿನ ಅಳತೆಯಲ್ಲಿ 20×8, ಅಂದರೆ 160 ಚದರಡಿ. ಬರೀ ತಗಡು ಬಿಸಿಲಿಗೆ ಕಾಯುವುದರಿಂದ ಒಳಗೆ ಇನ್ಸುಲೇಷನ್ ಹಾಕಲೇಬೇಕು. ಹಾಕಿದ ಮೇಲೆ ಅಗಲ ಏಳು ಅಡಿ ಆಸುಪಾಸಿಗೆ ಇಳಿಯುತ್ತದೆ. ಮಂಚ ಹಾಕಿದರೆ ಓಡಾಡೋಕೆ ಜಾಗ ಎಲ್ಲಿ? ಜೊತೆಗೆ ನಮ್ಮ ರಸ್ತೆ ಕಿರಿದು, ಮೇಲೆ ಕರೆಂಟ್ ವೈರು. ಕ್ರೇನ್ ಹಳೇ ಮನೆ ದಾಟಿಸಿ ಕಂಟೇನರನ್ನು ಹಿತ್ತಲಿಗೆ ಇಳಿಸುವುದು ಆಗದ ಮಾತು.

ಉಳಿದದ್ದು ನೆಲದ ಮೇಲೆ ಬೇರೆಯೇ ಕಟ್ಟುವುದು. ಪಾಲಿಕೆಯಿಂದ ನಕ್ಷೆಗೆ ಅನುಮತಿ ತಗೊಂಡು, ಸುತ್ತ ಬಿಡಬೇಕಾದ ಜಾಗ ಬಿಟ್ಟು, 16×22 ಅಡಿಯ ಮನೆ: ಒಂದು ರೂಮು, ಹಾಲ್ ಜೊತೆಗೇ ಅಡುಗೆಮನೆ, ಬಚ್ಚಲು. ಚಿಕ್ಕದಲ್ವಾ ಅಂತ ಅನುಮತಿ ತಪ್ಪಿಸೋಕೆ ಹೋಗಬೇಡಿ. ಜಾಗ ಅಮ್ಮನ ಹೆಸರಲ್ಲಿತ್ತು, ಸಾಲಕ್ಕೆ ಬ್ಯಾಂಕಿನವರು ಮೊದಲು ಕೇಳಿದ್ದೇ ನಕ್ಷೆ ಮತ್ತು ಅಮ್ಮನ ಸಹಿ.

ಗೋಡೆಗೆ ಮಣ್ಣಿನ ಬ್ಲಾಕ್ ಆರಿಸಿದೆವು. ಮಣ್ಣು, ಮರಳು, ಸ್ವಲ್ಪ ಸಿಮೆಂಟ್ ಕಲಸಿ ಯಂತ್ರದಲ್ಲಿ ಒತ್ತಿ ಮಾಡುತ್ತಾರೆ. ಸುಡುವುದಿಲ್ಲ, ವಾರಗಟ್ಟಲೆ ನೀರುಣಿಸಿ ಕ್ಯೂರಿಂಗ್ ಮಾಡುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರ ಈ ಬ್ಲಾಕುಗಳ ಮೇಲೆ ತುಂಬಾ ಕೆಲಸ ಮಾಡಿದೆ. ಮೇಸ್ತ್ರಿಗೆ ಮಾತ್ರ ನಗು. “ಮಣ್ಣಿನ ಮನೆ ಕಟ್ಸೋಕೆ ಇಷ್ಟೆಲ್ಲಾ ಓದ್ಬೇಕಿತ್ತಾ ಮೇಡಂ?” ಮಳೆ ನೀರು ಗೋಡೆಗೆ ಸಿಡಿಯಬಾರದು ಅಂತ ಸೂರನ್ನು ಎರಡು ಅಡಿ ಮುಂದಕ್ಕೆ ಬಿಟ್ಟು, ಪಾಯವನ್ನು ಒಂದೂವರೆ ಅಡಿ ಎತ್ತರಿಸಿದೆವು.

ಎತ್ತರಿಸಿದ ಮೇಲೆ ಅಮ್ಮನಿಗೆ ಮೆಟ್ಟಿಲು! ರ್‍ಯಾಂಪ್ ಬೇಕಾಯಿತು. ಒಂದು ಅಡಿ ಏರಲು 12 ಅಡಿ ಉದ್ದ ಅನ್ನೋದು ಲೆಕ್ಕ, ಹಾಗಾಗಿ ನಮ್ಮದು 18 ಅಡಿ. ಕರಿಬೇವಿನ ಗಿಡ ಅಡ್ಡ ಬಂತು. ಕಡಿಯೋಣ ಅಂದರು ಮೇಸ್ತ್ರಿ. ಆ ಗಿಡ ಇಲ್ಲದಿದ್ದರೆ ಅವತ್ತು ಅಮ್ಮನನ್ನು ನೋಡುವವರೇ ಇರುತ್ತಿರಲಿಲ್ಲ. ರ್‍ಯಾಂಪನ್ನೇ ಬಳಸಿ ತಿರುಗಿಸಿದೆವು.

ಊರಿನವರು ಸುಮ್ಮನಿರುತ್ತಾರಾ? “ಮನೆ ಅಳಿಯ ಆದ್ರಾ?” ಅಂತ ನನ್ನ ಗಂಡನನ್ನು ನಗುತ್ತಲೇ ಕೇಳಿದರು. ಅವನೂ ನಕ್ಕ, ಆದರೆ ಆ ರಾತ್ರಿ ಊಟ ಸರಿಯಾಗಿ ಮಾಡಲಿಲ್ಲ. ಮರುದಿನ ಅಮ್ಮನ ಹತ್ತಿರ ಹೋಗಿ, “ಅತ್ತೆ, ಜಾಗಕ್ಕೆ ಬಾಡಿಗೆ ತಗೋಬೇಕು” ಅಂದ. ಅಮ್ಮ ಬೇಡ ಅನ್ನುತ್ತಾಳೆ ಅಂದುಕೊಂಡಿದ್ದೆ. ಅವಳು ಸ್ವಲ್ಪ ಯೋಚಿಸಿ, “ಐದನೇ ತಾರೀಖಿನೊಳಗೆ ಕೊಟ್ಬಿಡಿ” ಅಂದಳು. ಬೇರೆ ಒಲೆ, ಬೇರೆ ಮೀಟರ್, ಬೇರೆ ಬಾಗಿಲು. ಹಾಗಿರುವುದರಿಂದಲೇ ನಾವು ಮೂವರೂ ಜಗಳವಿಲ್ಲದೆ ಇದ್ದೇವೆ ಅಂತ ನನಗನ್ನಿಸುತ್ತದೆ. ಜಗಳ ಇಲ್ಲವೇ ಇಲ್ಲ ಅಂತಲ್ಲ, ಕಡಿಮೆ.

ನೀವೂ ಅಪ್ಪ ಅಮ್ಮನ ಸೈಟಿನಲ್ಲಿ ಚಿಕ್ಕ ಮನೆಯ ಯೋಚನೆಯಲ್ಲಿದ್ದರೆ, ಡಿಸೈನ್ ನೋಡುವ ಮೊದಲು ಅದರಲ್ಲಿ ಯಾರಿರುತ್ತಾರೆ ಅಂತ ಅವರನ್ನೇ ಕೇಳಿ. ನಾನು ಕೊನೆಗೆ ಕೇಳಿದೆ.

ದಿನಾ ಬೆಳಿಗ್ಗೆ ಆರಕ್ಕೆ ಅಮ್ಮನ ಅಡುಗೆಮನೆ ಲೈಟ್ ಹತ್ತುತ್ತದೆ. ನಮ್ಮ ಕಿಟಕಿಯಿಂದ ಕಾಣುತ್ತದೆ. ಹೋದ ವಾರ ಒಂದು ದಿನ ಆರೂವರೆಯಾದರೂ ಹತ್ತಲಿಲ್ಲ. ಎದ್ದೆನೋ ಬಿದ್ದೆನೋ ಅಂತ ಓಡಿದೆ. ಅಮ್ಮ ಗೇಟಿನ ಹತ್ತಿರ ಹೂವಿನವಳ ಜೊತೆ ಮಾತಾಡುತ್ತಾ ನಿಂತಿದ್ದಳು. ನನ್ನನ್ನು ಮೇಲಿಂದ ಕೆಳಗೆ ನೋಡಿ, “ಚಪ್ಪಲಿನಾದ್ರೂ ಹಾಕ್ಕೊಂಡು ಬರಬಾರ್ದಾ?” ಅಂದಳು.