ಕನ್ನಂಬಾಡಿಯಲ್ಲಿ ಇಂಗ್ಲಿಷ್ ಪಾಠ

ಬೈಲಕುಪ್ಪೆಯಲ್ಲಿ ಟಿಬೆಟನ್ನರ ವಸತಿಯು ೧೯೬೦-೬೧ರ ಸುಮಾರಿಗೆ ಏರ್ಪಟ್ಟುದು ವಾಚಕರಿಗೆ ತಿಳಿದೇ ಇದೆ. ಅಲ್ಲಿಯ ಆರು ಮಂದಿ ತರುಣ ಭಿಕ್ಷುಗಳಿಗೆ ಇಂಗ್ಲಿಷ್ ಪರೀಕ್ಷೆಯ ಪಾಠ ಹೇಳಲು ಒಂದು ಬೇಸಗೆಯಲ್ಲಿ ನಾವು ಒಪ್ಪಿಕೊಂಡೆವು. ಅವರು ನೇಪಾಳದ ಕಡೆಯಿಂದ ಹೊಸದಾಗಿ ಬಂದವರು, ಕನ್ನಡವನ್ನು ಅರಿಯರು. ನಮಗೋ ಟಿಬೆಟಿನ ಭಾಷೆಯಲ್ಲಿ ಒಂದಕ್ಷರವೂ ಬಾರದು. ತೇರ್ಗಡೆಯಾಗದಿದ್ದರೆ ಅವರ ಮುಂದಿನ ವ್ಯಾಸಂಗಕ್ಕೆ ದಾರಿಯಿರಲಿಲ್ಲ.

ಬರಿಯ ಪುಸ್ತಕದಿಂದ ಕೆಲಸ ಸಾಗದಿರಲು, ಕಣ್ಣಿಗೆ ಕಂಡುದನ್ನು ಬರೆಯಲೆಂದು ಅವರನ್ನು ಕೃಷ್ಣರಾಜಸಾಗರಕ್ಕೆ ಕರೆತಂದೆವು. ಅವರ ಊರ ಬಳಿಯಲ್ಲಿ ಹರಿಯುವ ಕಾವೇರಿಯೇ ಇಲ್ಲಿ ಸಮುದ್ರದಂತೆ ನಿಂತಿರುವುದನ್ನು ಬೆರಳು ತೋರಿಸಿಯೇ ತಿಳಿಸಬೇಕಾಯಿತು. ತುಂಬಿದಾಗ ನೀರಿನ ಮಟ್ಟ ೧೨೪.೮೦ ಅಡಿ, ಅಂದು ಬಹಳ ಇಳಿದಿದ್ದಿತು. ಅಣೆಕಟ್ಟೆಯ ಬಳಿ ಟಿಪ್ಪುವಿನ ೧೭೯೪ರ ಪಾರಸಿ ಶಾಸನವೂ, ಅದರ ಕನ್ನಡ ಇಂಗ್ಲಿಷ್ ಅನುವಾದಗಳೂ ಇವೆ. ಪಾರಸಿಯು ಯಾರಿಗೂ ತಿಳಿಯದು. ನಾವು ಕನ್ನಡವನ್ನೋದಿದೆವು, ಅವರು ತಡವರಿಸುತ್ತ ಇಂಗ್ಲಿಷನ್ನೋದಿದರು.

ಸಂಜೆ ಒಬ್ಬರು ಬರೆದು ತೋರಿಸಿದುದು: ‘ವಿ ಡ್ಯಾಮ್ ಬಿಗ್ ಸಾ.’ ನಮಗೆ ನಗು ಬಂದಿತು; ಪಾಂಡವಪುರದ ನಮ್ಮ ಹುಡುಗರ ತಪ್ಪೇ ಅಲ್ಲವೆ! ಟಿಬೆಟಿನ ಭಾಷೆಯಲ್ಲಿಯೂ ಕನ್ನಡದಂತೆಯೇ ಕ್ರಿಯಾಪದವು ವಾಕ್ಯದ ಕೊನೆಗೆ ಬರುವುದು. ಆದರೆ ‘ಬಿಗ್’ ಎಂಬುದು ಡ್ಯಾಮಿನ ಬೆನ್ನಿಗೆ ನಿಂತುದು ಕನ್ನಡದ ರೀತಿಯಲ್ಲ. ಅಲ್ಲಿ ವಿಶೇಷಣವು ಸಾಮಾನ್ಯವಾಗಿ ನಾಮಪದದ ಅನಂತರ ಬರುತ್ತದಂತೆ. ಅಂದಿನಿಂದ ಅವರ ತಪ್ಪುಗಳನ್ನು ಎರಡು ಪಟ್ಟಿಯಾಗಿ ಬರೆದಿಟ್ಟೆವು: ನಮ್ಮ ಮಕ್ಕಳೂ ಮಾಡುವಂಥವು, ಅವರು ಮಾತ್ರವೇ ಮಾಡುವಂಥವು. ಮೊದಲನೆಯವನ್ನು ತಿದ್ದುವುದು ನಮಗೆ ಹಳೆಯ ಅಭ್ಯಾಸ. ಎರಡನೆಯವನ್ನು ದಿನವೂ ಹಲಗೆಯ ಮೇಲೆ ಬರೆದು ತೋರಿಸಿದೆವು.

ಐವರು ತೇರ್ಗಡೆಯಾದರು. ಆರನೆಯವರು ಮರುವರ್ಷ ಕುಳಿತುಕೊಳ್ಳುವುದಾಗಿ ಇಂಗ್ಲಿಷಿನಲ್ಲಿಯೇ ಕಾಗದ ಬರೆದಿದ್ದಾರೆ. ಕ್ರಿಯಾಪದಗಳೆಲ್ಲವೂ ಸ್ವಸ್ಥಾನದಲ್ಲಿವೆ.